ಪಂಜರದ ಪುಟ್ಟ ಹಕ್ಕಿಯ ಆಯುಷ್ಯ



ನಮ್ಮ ಮನೆಗಳಲ್ಲಿ ಸಾವು ಸಂಭವಿಸಿದಾಗ ಹಿರಿಯರ ಬಾಯಿಂದ ತಾನಾಗಿಯೇ ಹೊರಡುವ ಮಾತೊಂದಿದೆ: "ಅವರ ಆಯುಷ್ಯ ಇದ್ದದ್ದೇ ಅಷ್ಟು." ದುಃಖಿತರಿಗೆ ಈ ಮಾತು ಒಂದು ಊರುಗೋಲು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಈ ಮಾತು ದುಃಖವನ್ನು ಶಮನಗೊಳಿಸುವುದಕ್ಕಿಂತ ನಮ್ಮ ತಪ್ಪನ್ನು ಮುಚ್ಚುವುದಕ್ಕೇ ಹೆಚ್ಚಾಗಿ ಒದಗಿಬರುತ್ತದೆ. ಈ ಸತ್ಯವನ್ನು ಇಳಿವಯಸ್ಸಿನಲ್ಲಿ ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ. ಹದಿಮೂರು ಗ್ರಾಮು ತೂಗುವ ಒಂದು ಹಕ್ಕಿ.

2021ರ ಶ್ರಾವಣ ಮಾಸದಲ್ಲಿ ಹುಬ್ಬಳ್ಳಿಯಲ್ಲಿರುವ ನಮ್ಮ ಮಗನ ಮನೆಗೆ ಒಂದು ಜೋಡಿ ಫಿಂಚ್ ಹಕ್ಕಿಗಳು ಬಂದವು. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಶಾಲೆಗಳು ಮುಚ್ಚಿದ್ದ ಕಾಲ. ಮಗುವಿಗೆ ಒಡನಾಡಿಗಳಿಲ್ಲವೆಂದು ಮಗ ತಂದುಕೊಟ್ಟಿದ್ದ. ಅಂಗಡಿಯವನು ಹಕ್ಕಿಗಳ ವಯಸ್ಸನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ. "ಜೋಡಿ ತಯಾರಾಗಿದೆ, ಒಂದು ಕುಡಿಕೆ ಕಟ್ಟಿರಿ, ತಿಂಗಳೊಪ್ಪತ್ತಿನಲ್ಲಿ ಮರಿ ನೋಡುವಿರಿ" ಎಂದಷ್ಟೇ ಹೇಳಿದ್ದನಂತೆ. ಹೆಣ್ಣು ಹಕ್ಕಿಯ ಕಿತ್ತಳೆ ಬಣ್ಣದ ಕೊಕ್ಕಿನ ಬುಡದಲ್ಲಿ ಕಪ್ಪು ಛಾಯೆ ಇನ್ನೂ ಉಳಿದಿತ್ತು. ಅದರ ಅರ್ಥವೇನೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕುಂಬಾರನಲ್ಲಿಗೆ ಹೋಗಿ ಚಿಕ್ಕದೊಂದು ಮಣ್ಣಿನ ಕುಡಿಕೆಯನ್ನು ಆರಿಸಿ ತಂದು, ಪಂಜರದ ಮೂಲೆಗೆ ತಂತಿಯಿಂದ ಬಿಗಿದವನು ನಾನು. ಮನೆಯಲ್ಲಿ ಗೂಡು ಕಟ್ಟಿದರೆ ಶುಭವೆಂಬ ಹಳೆಯ ನಂಬಿಕೆಯೂ ನನ್ನ ಕೈಯನ್ನು ಚುರುಕುಗೊಳಿಸಿತ್ತು.

ಭಾದ್ರಪದದಲ್ಲಿ ಐದು ಮೊಟ್ಟೆಗಳು, ಮೂರು ಮರಿಗಳಾದವು. ಅವು ಹಾರಲು ಕಲಿಯುವಷ್ಟರಲ್ಲೇ ಮತ್ತೆ ಮೊಟ್ಟೆ. ಆ ಮರಿಗಳು ಗೂಡಿನಿಂದ ಇಳಿಯುತ್ತಿದ್ದಂತೆ ಮೂರನೆಯ ಬಾರಿ. ಮನೆಯವರೆಲ್ಲ ಸಂಭ್ರಮಿಸಿದೆವು. 2022ರ ಜನವರಿಯ ಒಂದು ಚಳಿಯ ಮುಂಜಾನೆ ಹೆಣ್ಣು ಹಕ್ಕಿ ಮೈಯ ಗರಿಗಳನ್ನು ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿತ್ತು. ಸೊಸೆ ಬಂದು, "ಮಾವಾರ, ಹಕ್ಕಿ ಯಾಕೋ ಮ್ಯಾಲೆ ಏರವಲ್ದು" ಎಂದಳು. ಚಳಿಯಿಂದ ಹಾಗಾಗಿದೆ, ಬಿಸಿಲೇರಿದರೆ ಸರಿಹೋಗುತ್ತದೆ ಎಂದೆ. ಬಿಸಿಲೇರುವ ಮುನ್ನ ಅದು ತೀರಿಹೋಯಿತು. ಮೊಟ್ಟೆಯೊಂದು ಒಡಲಿನಿಂದ ಹೊರಬರಲಾರದೆ ಸಿಲುಕಿತ್ತು.

ಮೊಮ್ಮಗಳು ಅಂಗೈಯಲ್ಲಿ ಅದನ್ನಿಟ್ಟುಕೊಂಡು ಕೇಳಿದಳು: "ಅಜ್ಜಾ, ಇದರ ಆಯುಷ್ಯ ಇಷ್ಟ ಇತ್ತೇನ?"

"ಹೌದವ್ವಾ, ಅಷ್ಟ ಇತ್ತು" ಎಂದೆ.

ಆ ಉತ್ತರ ಸುಳ್ಳೆಂದು ನನಗೆ ತಿಳಿದದ್ದು ಅನಂತರ. ಪರಿಚಿತ ಪಶುವೈದ್ಯರೊಬ್ಬರನ್ನು ಕಂಡು ವಿಚಾರಿಸಿದೆ. ಅವರು ಕೊಟ್ಟ ಪುಸ್ತಕಗಳನ್ನೂ ಲೇಖನಗಳನ್ನೂ ಓದಿದೆ. ತಿಳಿದುದನ್ನು ವಾಚಕರ ಮುಂದಿಡುವುದು ಈ ತಿಂಗಳ ಬರಹದ ಉದ್ದೇಶ. ಇಂದು ನಮ್ಮ ಅನೇಕ ಕುಟುಂಬಗಳ ಜಗುಲಿ, ಬಾಲ್ಕನಿಗಳಲ್ಲಿ ಈ ಹಕ್ಕಿಗಳ ಪಂಜರಗಳು ಕಾಣುತ್ತವೆ. ನಮಗಾದದ್ದು ಇನ್ನೊಂದು ಮನೆಯಲ್ಲಿ ಆಗದಿರಲಿ.

ನಾವು ಸಾಕಿದ್ದು ಜೀಬ್ರಾ ಫಿಂಚ್ ಎಂಬ ಜಾತಿ. ಇದರ ತವರು ಆಸ್ಟ್ರೇಲಿಯ. ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಹಕ್ಕಿ. ಗಂಡಿನ ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು, ಎದೆಯ ಮೇಲೆ ಕಪ್ಪು ಬಿಳುಪಿನ ಸಣ್ಣ ಪಟ್ಟೆಗಳು, ಪಕ್ಕೆಯಲ್ಲಿ ಕಂದು ನೆಲದ ಮೇಲೆ ಬಿಳಿಯ ಚುಕ್ಕೆಗಳು, ಹೆಣ್ಣು ಬೂದುಬಣ್ಣದ್ದು. ಗಂಡು ಮಾತ್ರ ಹಾಡುತ್ತದೆ, ಮಕ್ಕಳ ಪೀಪಿಯಂತೆ. ತಂದೆಯ ಹಾಡನ್ನು ಕೇಳಿ ಕೇಳಿ ಗಂಡುಮರಿ ಮೊದಲ ಮೂರು ತಿಂಗಳೊಳಗೆ ತನ್ನ ಹಾಡನ್ನು ರೂಪಿಸಿಕೊಳ್ಳುತ್ತದೆ. ಒಮ್ಮೆ ನೆಲೆಗೊಂಡ ಹಾಡು ಬದುಕಿನುದ್ದಕ್ಕೂ ಬದಲಾಗದು. ಈ ಕಾರಣದಿಂದಲೇ, ಕಲಿಕೆ ಮತ್ತು ಮಿದುಳಿನ ಸಂಬಂಧವನ್ನು ಅರಿಯಲು ವಿಜ್ಞಾನಿಗಳು ಈ ಹಕ್ಕಿಯನ್ನು ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ. ಕೋಳಿಯ ನಂತರ ಇಡೀ ವಂಶವಾಹಿ ವಿನ್ಯಾಸವನ್ನು ಓದಲಾದ ಎರಡನೆಯ ಪಕ್ಷಿ ಇದು. ಅದು ಪ್ರಕಟವಾದದ್ದು 2010ರಲ್ಲಿ.

ಇನ್ನು ಆಯುಷ್ಯದ ಮಾತು. ಕಾಡಿನಲ್ಲಿ ಈ ಹಕ್ಕಿಗಳ ಬಾಳು ಅಲ್ಪ. ಹಾವು, ಗಿಡುಗ, ಬರ, ಬಿಸಿಲುಗಳ ಬಾಯಿಗೆ ಬಿದ್ದು ಬಹುಪಾಲು ಮರಿಗಳು ಮೊದಲ ಕೆಲವು ತಿಂಗಳುಗಳಲ್ಲೇ ಅಳಿಯುತ್ತವೆ. ಪಂಜರದಲ್ಲಿ ಸರಿಯಾಗಿ ಸಾಕಿದರೆ ಐದರಿಂದ ಏಳು ವರ್ಷ ಬದುಕುವುದು ಸಾಮಾನ್ಯ. ಹತ್ತು ವರ್ಷ ಮುಟ್ಟಿದ ಹಕ್ಕಿಗಳೂ ಉಂಟು. ನಮ್ಮ ಮನೆಯ ಹೆಣ್ಣು ಹಕ್ಕಿಗೆ ಸಾಯುವಾಗ ಎಂಟು ತಿಂಗಳೂ ತುಂಬಿರಲಿಲ್ಲ. ಏಳು ವರ್ಷ ಬಾಳಬಹುದಾದ ಜೀವ ಎಂಟು ತಿಂಗಳೊಳಗೆ ಅಳಿದರೆ, "ಆಯುಷ್ಯ ಅಷ್ಟೇ ಇತ್ತು" ಎಂದು ಹೇಳುವ ಅಧಿಕಾರ ಸಾಕಿದವನಿಗೆ ಇದೆಯೇ?

ವಯಸ್ಸಿನ ಲೆಕ್ಕ ನಮಗೆ ದೊರೆತದ್ದು ಆ ಕಪ್ಪು ಛಾಯೆಯಿಂದ. ಜೀಬ್ರಾ ಫಿಂಚ್ ಮರಿಯ ಕೊಕ್ಕು ಮೊದಲು ಪೂರ್ತಿ ಕಪ್ಪಗಿರುತ್ತದೆ. ಗೂಡಿನಿಂದ ಇಳಿದ ಮೇಲೆ ಮೆಲ್ಲಮೆಲ್ಲನೆ ಬಣ್ಣ ತಿರುಗಿ, ಮೂರು ತಿಂಗಳ ಹೊತ್ತಿಗೆ ಗಂಡಿನದು ಕೆಂಪಾಗಿಯೂ ಹೆಣ್ಣಿನದು ಕಿತ್ತಳೆಯಾಗಿಯೂ ನಿಲ್ಲುತ್ತದೆ. ಕಪ್ಪು ಉಳಿದಿದೆ ಎಂದರೆ ಅದಿನ್ನೂ ಮಗು. ಕಪ್ಪು ಪೂರ್ಣ ಅಳಿದ ಮೇಲೆ ಆರು ತಿಂಗಳಿನದೋ ಮೂರು ವರ್ಷದ್ದೋ ಎಂದು ನೋಟದಿಂದ ಹೇಳುವುದು ಕಷ್ಟ. ಆದ್ದರಿಂದ ಹಕ್ಕಿಯನ್ನು ಕೊಳ್ಳುವವರು ಹುಟ್ಟಿದ ತಿಂಗಳನ್ನು ಬರೆದಿಟ್ಟಿರುವ ಸಾಕಣೆಗಾರರಿಂದಲೇ ಕೊಳ್ಳುವುದು ಲೇಸು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಹಕ್ಕಿ ಸುಮಾರು ಮೂರು ತಿಂಗಳಿಗೇ ಮೊಟ್ಟೆಯಿಡುವ ಶಕ್ತಿಯನ್ನು ಪಡೆಯುತ್ತದೆ. ಆದರೆ ಶಕ್ತಿ ಬಂದಿತೆಂದರೆ ಪಕ್ವತೆ ಬಂದಿತೆಂದಲ್ಲ. ಮಾವಿನ ಕಾಯಿ ಬಣ್ಣ ತಿರುಗಿದ ದಿನವೇ ಹಣ್ಣಾಗುವುದಿಲ್ಲವಷ್ಟೆ. ಮೂರು ತಿಂಗಳ ಹೆಣ್ಣಿನ ಎಲುಬು ಇನ್ನೂ ಬಲಿಯುತ್ತಿರುತ್ತದೆ. ಅನುಭವಿಗಳು ಆರು ತಿಂಗಳಿಗೆ ಮುಂಚೆ ಯಾವ ಹಕ್ಕಿಗೂ ಗೂಡು ಕೊಡಬಾರದೆನ್ನುತ್ತಾರೆ. ಹೆಣ್ಣಿಗಂತೂ ಒಂಬತ್ತು ತಿಂಗಳು ತುಂಬುವವರೆಗೆ ಕಾಯುವುದು ಕ್ಷೇಮ. ಹಾಗೆಯೇ ನಾಲ್ಕು ವರ್ಷ ದಾಟಿದ ಹೆಣ್ಣನ್ನು ಮರಿಮಾಡಿಸುವ ಶ್ರಮದಿಂದ ಬಿಡುಗಡೆಗೊಳಿಸುವುದು ಒಳ್ಳೆಯದು.

ಆ ಶ್ರಮ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿರಿ. ಒಂದು ಮೊಟ್ಟೆ ಸುಮಾರು ಒಂದು ಗ್ರಾಮು. ದಿನಕ್ಕೊಂದರಂತೆ ನಾಲ್ಕರಿಂದ ಆರು ಮೊಟ್ಟೆಗಳು. ಐದು ಮೊಟ್ಟೆಗಳೆಂದರೆ ತಾಯಿಯ ದೇಹದ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚು! ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ಆಹಾರ ಒದಗಿಸದಿದ್ದರೆ, ತಾಯಿ ತನ್ನ ಎಲುಬಿನಿಂದಲೇ ಅದನ್ನು ತೆಗೆದು ಕೊಡುತ್ತಾಳೆ. ಆ ಸುಣ್ಣ ಮುಗಿದಾಗ ಸ್ನಾಯುಗಳು ಸೋಲುತ್ತವೆ, ಚಿಪ್ಪು ಮೃದುವಾಗುತ್ತದೆ, ಮೊಟ್ಟೆ ಸಿಲುಕಿಕೊಳ್ಳುತ್ತದೆ. ಎಳೆಯ ವಯಸ್ಸು, ಬಿಡುವಿಲ್ಲದ ಹೆರಿಗೆ, ಸುಣ್ಣದ ಕೊರತೆ, ಚಳಿ: ಈ ನಾಲ್ಕೂ ನಮ್ಮ ಹಕ್ಕಿಯ ಪಾಲಿಗೆ ಒಟ್ಟುಗೂಡಿದ್ದವು. ನಾಲ್ಕನ್ನೂ ತಡೆಯಬಹುದಾಗಿತ್ತು.

ಹಾಗಾದರೆ ಹಕ್ಕಿಗೇ ತನ್ನ ಮಿತಿ ತಿಳಿಯದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಉತ್ತರ ಅದರ ತವರಿನಲ್ಲಿದೆ. ಆಸ್ಟ್ರೇಲಿಯದ ಒಳನಾಡು ಮಳೆಯನ್ನು ನೆಚ್ಚಲಾಗದ ಒಣಭೂಮಿ. ಅಲ್ಲಿ ಯಾವ ತಿಂಗಳಲ್ಲಿ ಮಳೆ ಬಂದೀತೆಂಬ ನಿಶ್ಚಯವಿಲ್ಲ. ಮಳೆ ಬಿದ್ದು ಹುಲ್ಲು ಚಿಗುರಿ ಬೀಜ ಕಟ್ಟಿದಾಗ ಮರಿಮಾಡಿಕೊಳ್ಳಬೇಕು. ಬರ ಬಂದಾಗ ಸುಮ್ಮನಿರಬೇಕು. ಆದ್ದರಿಂದ ಈ ಹಕ್ಕಿಯ ದೇಹ ಸದಾ ಸಿದ್ಧವಾಗಿರುವಂತೆ ಪ್ರಕೃತಿ ಅದನ್ನು ರೂಪಿಸಿದೆ. ಸಾಕೆಂದು ಹೇಳುವ ಕೆಲಸ ಬರಗಾಲದ್ದು. ಪಂಜರದಲ್ಲಾದರೋ ಬಟ್ಟಲು ಎಂದೂ ಬರಿದಾಗದು, ನೀರು ಎಂದೂ ಬತ್ತದು, ಗೂಡು ಎಂದೂ ತಪ್ಪದು. ಹಕ್ಕಿಯ ದೃಷ್ಟಿಯಲ್ಲಿ ಅಲ್ಲಿ ವರ್ಷವಿಡೀ ಮಳೆಗಾಲ. ನಿಲ್ಲಿಸುವ ಅರಿವು ಅದರ ಒಳಗಿಲ್ಲ, ಹೊರಗಿನಿಂದ ಬರಬೇಕು. ಸಾಕುವವನೇ ಅದಕ್ಕೆ ಋತುವಾಗಬೇಕು. ಉಣಿಸುವುದಷ್ಟೇ ಪಾಲನೆ ಎಂದು ತಿಳಿದಿದ್ದ ನನಗೆ, ತಡೆಯುವುದೂ ಪಾಲನೆಯೇ ಎಂಬುದು ಆಗ ಹೊಳೆಯಿತು.

ಈ ಒಣನಾಡಿನ ಹಕ್ಕಿಗಳ ಬಾಳನ್ನು ದಶಕಗಳ ಕಾಲ ಅಲ್ಲಿಯೇ ಹೊಲ ಬಯಲುಗಳಲ್ಲಿ ನಿಂತು ಅಭ್ಯಸಿಸಿದವರು ರಿಚರ್ಡ್ ಝಾನ್ ಎಂಬ ಆಸ್ಟ್ರೇಲಿಯದ ವಿದ್ವಾಂಸರು. ಅವರ ಗ್ರಂಥ 1996ರಲ್ಲಿ ಹೊರಬಂದಿತು. ಇಂದಿಗೂ ಈ ವಿಷಯದಲ್ಲಿ ಅದು ಆಧಾರಗ್ರಂಥ. 2009ರ ಫೆಬ್ರುವರಿಯಲ್ಲಿ ವಿಕ್ಟೋರಿಯ ಪ್ರಾಂತದಲ್ಲಿ ಹಬ್ಬಿದ ಭೀಕರ ಕಾಳ್ಗಿಚ್ಚಿನಲ್ಲಿ ಅವರು ಅಸುನೀಗಿದರು. ಒಂದು ಹಿಡಿಯೊಳಗೆ ಅಡಗುವ ಹಕ್ಕಿಗಾಗಿ ಬಾಳನ್ನು ಸವೆಸಿದವರನ್ನು ನೆನೆಯುವುದು ನಮ್ಮ ಕರ್ತವ್ಯ.

ಮುಂದೆ 2012ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 99 ಜೀಬ್ರಾ ಫಿಂಚುಗಳನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಿ ಪ್ರಕಟಿಸಿದ ಅಧ್ಯಯನವೊಂದು ಕುತೂಹಲಕರವಾಗಿದೆ. ಸೀರೆಯ ಸೆರಗಿನ ಎಳೆಗಳು ಬಿಚ್ಚಿಹೋಗದಂತೆ ಕುಚ್ಚು ಕಟ್ಟುತ್ತೇವಲ್ಲವೆ? ಜೀವಕೋಶದೊಳಗಿನ ವರ್ಣತಂತುಗಳ ತುದಿಗೂ ಅಂಥ ಒಂದು ರಕ್ಷೆಯಿದೆ. ಅದಕ್ಕೆ ಟೆಲೋಮಿಯರ್ ಎಂದು ಹೆಸರು. ವಯಸ್ಸು ಸಂದಂತೆ ಅದು ಸವೆಯುತ್ತದೆ. ಇಪ್ಪತ್ತೈದನೆಯ ದಿನದಲ್ಲಿ ಯಾವ ಮರಿಗಳ ಕುಚ್ಚು ಉದ್ದವಾಗಿತ್ತೋ ಅವು ಹೆಚ್ಚು ಕಾಲ ಬಾಳಿದವು. ಕೆಲವು ಏಳು ತಿಂಗಳಲ್ಲಿ ತೀರಿಹೋದರೆ ಕೆಲವು ಒಂಬತ್ತು ವರ್ಷದ ಸಮೀಪಕ್ಕೆ ಬಂದವು. ಇದನ್ನೋದಿ, ಹಣೆಬರಹವೆಂಬುದು ನಿಜವೇ ಆಯಿತಲ್ಲ ಎನಿಸಿತು. ಆದರೆ ಅನಂತರದ ಬೇರೊಂದು ಪ್ರಯೋಗದಲ್ಲಿ, ಗೂಡಿಗೆ ಹೆಚ್ಚುವರಿ ಮರಿಗಳನ್ನಿಟ್ಟು ಸಾಕಲು ಬಿಟ್ಟ ತಂದೆ ತಾಯಿ ಹಕ್ಕಿಗಳಲ್ಲಿ ಇದೇ ಕುಚ್ಚು ಹೆಚ್ಚು ಸವೆದದ್ದು ಕಂಡುಬಂದಿತು. ಹುಟ್ಟಿನೊಡನೆ ಬಂದದ್ದು ಒಂದು ಪಾಲು. ಹೊರಿಸಿದ ಹೊರೆಯಿಂದ ಸವೆಯುವುದು ಇನ್ನೊಂದು ಪಾಲು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ.

ಈ ಮಾತನ್ನು ಬರೆಯುವಾಗ ನನ್ನ ಮನಸ್ಸು ಹಕ್ಕಿಯಿಂದ ಬೇರೆಡೆಗೆ ಹೋಗುತ್ತದೆ. ನನ್ನ ತಂದೆಯವರಿಗೆ ಒಬ್ಬ ಅಕ್ಕ ಇದ್ದರು. ಹನ್ನೆರಡನೆಯ ವರ್ಷಕ್ಕೆ ಲಗ್ನ, ಹದಿನೈದಕ್ಕೆ ಚೊಚ್ಚಲ ಹೆರಿಗೆಯಲ್ಲಿ ಮರಣ. ನಾನು ಹುಟ್ಟುವ ಎಷ್ಟೋ ವರ್ಷ ಮುಂಚಿನ ಮಾತು. ಆ ಸೋದರತ್ತೆಯ ವಿಷಯ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಹೇಳುತ್ತಿದ್ದುದು ಒಂದೇ ಮಾತು: "ಆಕಿ ಋಣ ಅಷ್ಟ ಇತ್ತು." ಮೈನೆರೆದೊಡನೆ ತಾಯ್ತನಕ್ಕೆ ಸಿದ್ಧಳೆಂದು ಬಗೆದ ಹಿರಿಯರು ಕೆಟ್ಟವರಾಗಿರಲಿಲ್ಲ, ತಿಳಿಯದವರಾಗಿದ್ದರು. ಹೆಣ್ಣುಮಕ್ಕಳ ಮದುವೆಯ ವಯಸ್ಸನ್ನು 1929ರ ಕಾಯಿದೆ ಹದಿನಾಲ್ಕೆಂದು ಗೊತ್ತುಪಡಿಸಿತ್ತು. ಅದು ಹದಿನೆಂಟಾದದ್ದು 1978ರಲ್ಲಿ. ಹಕ್ಕಿಗೂ ಮನುಷ್ಯರಿಗೂ ಹೋಲಿಕೆ ಪೂರ್ತಿ ಸಲ್ಲದೆಂಬುದು ನನಗೆ ಗೊತ್ತು. ಆದರೆ ನಮ್ಮ ಅಜ್ಞಾನಕ್ಕೆ ಆಯುಷ್ಯದ ಹೆಸರಿಡುವ ರೂಢಿ ಎರಡು ಕಡೆಯೂ ಒಂದೇ. ಆ ರೂಢಿಯಲ್ಲಿ ಬೆಳೆದ ನಾಲಿಗೆಯೇ ಅಂದು ಮೊಮ್ಮಗಳಿಗೆ ಉತ್ತರ ಕೊಟ್ಟದ್ದು.

ಸಾಕುವ ಕುಟುಂಬಗಳಿಗೆ ಉಪಯೋಗವಾಗಲೆಂದು ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಕಾವಿನ ಅವಧಿ ಹನ್ನೆರಡರಿಂದ ಹದಿನಾಲ್ಕು ದಿನ. ಗಂಡು ಹೆಣ್ಣು ಸರದಿಯಂತೆ ಕೂರುತ್ತವೆ. ಮೂರು ವಾರಕ್ಕೆ ಮರಿ ಗೂಡಿನಿಂದ ಇಳಿಯುತ್ತದೆ. ಐದು ವಾರಕ್ಕೆ ತಾನೇ ಕಾಳು ಸುಲಿದು ತಿನ್ನುತ್ತದೆ. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಲಕ್ಕಿಂತ ಮರಿಮಾಡಿಸಬಾರದು. ಮರಿಗಳು ಇಳಿದ ಕೂಡಲೆ ಗೂಡನ್ನೂ ನಾರು ಹುಲ್ಲುಗಳನ್ನೂ ತೆಗೆದುಬಿಡಬೇಕು. ಆಗಲೂ ಕಾಳಿನ ಬಟ್ಟಲಿನಲ್ಲೇ ಮೊಟ್ಟೆಯಿಡಲು ತೊಡಗಿದರೆ ಗಂಡು ಹೆಣ್ಣುಗಳನ್ನು ಒಂದರ ದನಿ ಇನ್ನೊಂದಕ್ಕೆ ಕೇಳುವಂತೆ ಬೇರೆ ಬೇರೆ ಪಂಜರಗಳಲ್ಲಿ ಕೆಲಕಾಲ ಇಡಬೇಕು. ಮರಿಗಳು ಮೂರು ತಿಂಗಳಿಗೇ ಪ್ರಾಯಕ್ಕೆ ಬರುವುದರಿಂದ ಒಡಹುಟ್ಟಿದ ಗಂಡು ಹೆಣ್ಣುಗಳನ್ನು ಅದಕ್ಕೆ ಮೊದಲೇ ಬೇರ್ಪಡಿಸಬೇಕು.

ಆಹಾರಕ್ಕೆ ನಮ್ಮ ನಾಡಿನ ಕಿರುಧಾನ್ಯಗಳೇ ಉತ್ತಮ. ನವಣೆ, ಬರಗು, ಸಾಮೆಗಳನ್ನು ಸಿಪ್ಪೆಸಹಿತ ಕೊಡಬೇಕು. ಸುಲಿದು ತಿನ್ನುವುದೇ ಅವುಗಳ ಕಾಯಕ. ಬಟ್ಟಲಿನ ಮೇಲೆ ಉಳಿಯುವ ಹೊಟ್ಟನ್ನು ದಿನವೂ ಊದಿ ತೆಗೆಯಿರಿ. ಹೊಟ್ಟನ್ನು ಕಂಡು ಕಾಳಿದೆಯೆಂದು ತಿಳಿದು ಹಕ್ಕಿಗಳನ್ನು ಉಪವಾಸ ಕೆಡವಿದವರಿದ್ದಾರೆ. ಕೊತ್ತಂಬರಿ, ಮೆಂತ್ಯದ ಸೊಪ್ಪುಗಳೂ ಬೇಕು. ಸುಣ್ಣದ ಅಂಶಕ್ಕೆ ಹಳೆಯ ಗ್ರಂಧಿಗೆ ಅಂಗಡಿಗಳಲ್ಲಿ ಸಮುದ್ರಫೇನವೆಂಬ ಹೆಸರಿನಿಂದ ದೊರೆಯುವ ಬಿಳಿಯ ಹಗುರ ವಸ್ತುವನ್ನು ಪಂಜರಕ್ಕೆ ಕಟ್ಟಬೇಕು. ಅದು ಸಮುದ್ರಜೀವಿಯೊಂದರ ಒಳಚಿಪ್ಪು. ಬೇಯಿಸಿ ಪುಡಿಮಾಡಿದ ಕೋಳಿಮೊಟ್ಟೆಯ ಚಿಪ್ಪೂ ಆದೀತು. ಮರಿ ಸಾಕುವ ದಿನಗಳಲ್ಲಿ ಪುಷ್ಟಿಯ ಆಹಾರ ಹೆಚ್ಚು ಬೇಕಾಗುವುದರಿಂದ ಅನೇಕರು ಬೇಯಿಸಿದ ಮೊಟ್ಟೆಯನ್ನು ಕೊಡುತ್ತಾರೆ. ನಮ್ಮಂಥ ಮನೆಗಳಲ್ಲಿ ಇದಕ್ಕೆ ಸಂಕೋಚವಿದೆ. ಮೊಳಕೆ ಬರಿಸಿದ ನವಣೆ, ಹೆಸರುಕಾಳು ಒಂದು ಮಟ್ಟಿಗೆ ಸಹಾಯಕ. ಆದರೆ ನಮ್ಮ ಆಚಾರಕ್ಕಾಗಿ ತಾಯಿಹಕ್ಕಿಯನ್ನು ಸೊರಗಿಸುವುದು ಸಲ್ಲದು. ಬೇಕಾದುದನ್ನು ಒದಗಿಸಲಾಗದಿದ್ದರೆ ಗೂಡನ್ನೇ ಕೊಡದಿರುವುದು ಉತ್ತಮ ಮಾರ್ಗ.

ಗರಿ ಉಬ್ಬಿಸಿಕೊಂಡು ತಳದಲ್ಲಿ ಕುಳಿತ ಹೆಣ್ಣು ಹಕ್ಕಿಯನ್ನು ಕಂಡರೆ ನನ್ನಂತೆ ಬಿಸಿಲಿಗೆ ಕಾಯಬೇಡಿರಿ. ಸುಮಾರು ಮೂವತ್ತು ಡಿಗ್ರಿ ಬೆಚ್ಚಗಿರುವ, ಗಾಳಿಯಲ್ಲಿ ತೇವವಿರುವ ಕಡೆ ಇಟ್ಟು, ಪಕ್ಷಿಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ತಕ್ಷಣ ಒಯ್ಯಿರಿ. ಹೊಟ್ಟೆಯನ್ನು ಒತ್ತಬೇಡಿರಿ, ಒಳಗೆ ಮೊಟ್ಟೆ ಒಡೆದರೆ ಪ್ರಾಣಾಪಾಯ. ಅಡುಗೆಮನೆಯ ಸಮೀಪ ಪಂಜರವಿಡುವುದೂ ಸಲ್ಲದು. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಆವಿ ಹಕ್ಕಿಗಳನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ.

ಇನ್ನೊಂದು ಎಚ್ಚರಿಕೆ. ನಮ್ಮ ಹೊಲಗದ್ದೆಗಳ ರಾಟವಾಳ ಹಕ್ಕಿಗಳು ಈ ಫಿಂಚುಗಳ ದೂರದ ಬಂಧುಗಳು. ಅವನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಹಾಗೆಂದು ಪಂಜರದ ಫಿಂಚುಗಳನ್ನು ಪುಣ್ಯಕ್ಕೆಂದು ಹಾರಿಬಿಡುವುದೂ ಸರಿಯಲ್ಲ. ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿದ ಅವು ನಮ್ಮ ಕಾಗೆ ಗಿಡುಗಗಳ ನಡುವೆ ಬಾಳಲಾರವು.

ಸಂಸ್ಕೃತದಲ್ಲಿ ಹಕ್ಕಿಗೆ ದ್ವಿಜ ಎಂಬ ಹೆಸರಿದೆ. ಮೊಟ್ಟೆಯಾಗಿ ಒಮ್ಮೆ, ಮೊಟ್ಟೆಯೊಡೆದು ಇನ್ನೊಮ್ಮೆ ಹುಟ್ಟುವುದರಿಂದ ಆ ಹೆಸರು. ಬಿಸಿಲು ಹೆಚ್ಚಿದ ದಿನಗಳಲ್ಲಿ ಜೀಬ್ರಾ ಫಿಂಚ್ ತಂದೆ ತಾಯಿಗಳು ಇನ್ನೂ ಒಡೆಯದ ಮೊಟ್ಟೆಗೆ ವಿಶೇಷ ದನಿಯಲ್ಲಿ ಕರೆ ಕೊಡುತ್ತವೆಂದೂ, ಅದನ್ನು ಕೇಳಿದ ಮರಿಗಳು ಬಿಸಿಲಿಗೆ ಹೊಂದುವಂತೆ ಬೆಳೆಯುತ್ತವೆಂದೂ ಆಸ್ಟ್ರೇಲಿಯದ ಸಂಶೋಧಕರು 2016ರಲ್ಲಿ ತೋರಿಸಿಕೊಟ್ಟರು. ಹುಟ್ಟುವ ಮೊದಲೇ ಮಗುವಿಗೆ ಲೋಕದ ಸುದ್ದಿ ಹೇಳುವ ಜೀವವಿದು. ಇಂಥ ಜೀವದ ಎದುರು, ನಮ್ಮ ಮಗುವಿಗೆ ನಾನು ನಿಜ ಹೇಳಲಿಲ್ಲವೆಂಬ ಅಳುಕು ನನ್ನನ್ನು ಕಾಡಿತು.

ಹಕ್ಕಿ ಸತ್ತ ತಿಂಗಳ ಮೇಲೆ ಒಂದು ಸಂಜೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: "ಅವ್ವಾ, ಅಂದು ನಾ ಹೇಳಿದ್ದು ತಪ್ಪು. ಅದರ ಆಯುಷ್ಯ ಇನ್ನೂ ಇತ್ತು. ಅದು ಇನ್ನೂ ಸಣ್ಣದಿತ್ತು. ಕುಡಿಕಿ ಕಟ್ಟಿದವ ನಾನು." ಅಳುತ್ತಾಳೆಂದು ಅಂಜಿದ್ದೆ. ಆಕೆ ಸ್ವಲ್ಪ ಹೊತ್ತು ಪಂಜರವನ್ನೇ ನೋಡಿ, "ಹಂಗಾರ ಕುಡಿಕಿ ಬಿಚ್ಚೂಣು ನಡಿ ಅಜ್ಜಾ" ಎಂದಳು. ಇಬ್ಬರೂ ಸೇರಿ ಬಿಚ್ಚಿದೆವು.

ಒಂಟಿಯಾಗಿ ಉಳಿದ ಗಂಡು ದಿನವಿಡೀ ಕೂಗುತ್ತಿತ್ತು. ಇವು ಗುಂಪಿನಲ್ಲಿ ಬಾಳುವ ಹಕ್ಕಿಗಳು. ಒಂಟಿತನ ಅವಕ್ಕೆ ಶಿಕ್ಷೆ. ಹುಟ್ಟಿದ ತಿಂಗಳನ್ನು ಬರೆದಿಟ್ಟಿದ್ದ ಸಾಕಣೆಗಾರರೊಬ್ಬರಿಂದ ಹತ್ತು ತಿಂಗಳ ಹೆಣ್ಣೊಂದನ್ನು ತಂದೆವು. ಕುಡಿಕೆ ಈಗ ವರ್ಷಕ್ಕೊಮ್ಮೆ ಮಾತ್ರ ಪಂಜರವೇರುತ್ತದೆ. ಯಾವಾಗ ಏರಬೇಕು, ಯಾವಾಗ ಇಳಿಯಬೇಕೆಂಬುದು ಮೊಮ್ಮಗಳ ನೋಟುಪುಸ್ತಕದಲ್ಲಿದೆ. ಆ ಗಂಡಿಗೆ ನಾಲ್ಕು ವರ್ಷ ದಾಟಿತು. ಪುಸ್ತಕದ ಮೊದಲ ಪುಟದಲ್ಲಿ ಆಕೆ ಸತ್ತ ಹಕ್ಕಿಯ ವಯಸ್ಸನ್ನು ಬರೆದಿದ್ದಾಳೆ: ಎಂಟು ತಿಂಗಳಿಗೆ ಕಡಿಮೆ. ಅದರ ಕೆಳಗೆ ಕಾರಣ ಎಂದು ಬರೆದು, ಮುಂದೆ ಒಂದೇ ಪದ: "ಅವಸರ."

ಬಂಧುಗಳೇ, ನಿಮ್ಮ ಮನೆಯಲ್ಲೂ ಪಂಜರವಿದ್ದರೆ ಇಂದೇ ಒಮ್ಮೆ ಹಕ್ಕಿಯ ಕೊಕ್ಕನ್ನು ಗಮನಿಸಿ ನೋಡಿರಿ. ಕಪ್ಪು ಉಳಿದಿದ್ದರೆ ಕುಡಿಕೆಯನ್ನು ಇಳಿಸಿರಿ. ಕಾಯುವುದರಿಂದ ಕಳೆಯುವುದು ಆರು ತಿಂಗಳು. ಉಳಿಯುವುದು ಆರು ವರ್ಷ.